ತೋಳನ್ನೊಡ್ಡುವವರ ಹಕ್ಕು

ದಾಕುದಾರನು ಊರಿಗೆ ಬಂದನೆಂದರೆ ತಾಯಂದಿರು ಕೂಸುಗಳನ್ನೆತ್ತಿಕೊಂಡು ಹೊಲದ ಕಡೆಗೆ ಓಡುತ್ತಿದ್ದ ಕಾಲವೊಂದು ನಮ್ಮ ಸೀಮೆಯಲ್ಲಿಯೂ ಇದ್ದಿತು. ಇಂದು ದಾಕು ಎಂಬ ಮಾತೇ ಬಳಕೆ ತಪ್ಪಿದೆ. ಯಾವ ವ್ಯಾಧಿಗಾಗಿ ಆ ದಾಕುವನ್ನು ಹಾಕುತ್ತಿದ್ದರೋ ಆ ಸಿಡುಬು ಭೂಮಂಡಲದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯವರು 1980ರಲ್ಲಿ ಸಾರಿದರು. ಹಾಗೆ ಓಡಿದವರ ಮೊಮ್ಮಕ್ಕಳು ಈಗ ತಾಯಿ ಕಾರ್ಡನ್ನು ಸೆರಗಿನಲ್ಲಿ ಜೋಪಾನವಾಗಿಟ್ಟುಕೊಂಡು ಆರೋಗ್ಯ ಕೇಂದ್ರದ ಜಗಲಿಯ ಮೇಲೆ ತಾವಾಗಿಯೇ ಬಂದು ಕುಳಿತಿರುತ್ತಾರೆ. ಒಂದರಿಂದ ಎರಡು ವರ್ಷದೊಳಗಿನ ಮಕ್ಕಳ ಪೈಕಿ ಎಲ್ಲ ಮೂಲ ಲಸಿಕೆಗಳನ್ನೂ ಪಡೆದವರು ಕರ್ನಾಟಕದಲ್ಲಿ 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನೂರಕ್ಕೆ 62.6 ಮಾತ್ರವಿದ್ದರು, 2019–20ರ ಸಮೀಕ್ಷೆಯ ವೇಳೆಗೆ ಆ ಸಂಖ್ಯೆ 84.1ಕ್ಕೆ ಏರಿತು. ಯಾರೂ ಬೆತ್ತ ಹಿಡಿದು ಅಟ್ಟಿಕೊಂಡು ಬಂದುದರಿಂದ ಆದ ಏರಿಕೆಯಲ್ಲ ಇದು.

ಇಷ್ಟಾದ ಮೇಲೆಯೂ ನಂಬಿಕೆಯೆಂಬುದು ಎಷ್ಟು ತೆಳುವಾದ ನೂಲಿನ ಮೇಲೆ ನಿಂತಿದೆಯೆಂಬುದನ್ನು 2025ರ ಜೂನ್, ಜುಲೈ ತಿಂಗಳುಗಳು ತೋರಿಸಿಕೊಟ್ಟವು. ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮಡಿದರೆಂಬ ವಾರ್ತೆ ಹಬ್ಬಿತು. ಅವರಲ್ಲಿ ಪ್ರಾಯದವರೂ ಇದ್ದರು. ಕೋವಿಡ್ ಲಸಿಕೆಗೆ ಅವಸರದಲ್ಲಿ ಅನುಮತಿಯಿತ್ತುದೂ ಇದಕ್ಕೆ ಕಾರಣವಾಗಿರಬಹುದೆಂದು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಸಿದ್ಧರಾಮಯ್ಯನವರೇ ಜುಲೈ 1ರಂದು ಬರೆದರು. ಕೇಂದ್ರ ಆರೋಗ್ಯ ಖಾತೆಯವರು ಮರುದಿನವೇ ಅದನ್ನು ಅಲ್ಲಗಳೆದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾಕ್ಟರ್ ಕೆ. ಎಸ್. ರವೀಂದ್ರನಾಥರ ಅಧ್ಯಕ್ಷತೆಯ ಸಮಿತಿಯು 251 ರೋಗಿಗಳ ಸ್ಥಿತಿಗತಿಗಳನ್ನು ಪರಿಶೀಲಿಸಿ, ಅಕಾಲದ ಹೃದ್ರೋಗಕ್ಕೂ ಹಿಂದೆ ಬಂದ ಕೋವಿಡ್ ಸೋಂಕಿಗೂ ಅಥವಾ ಲಸಿಕೆಗೂ ನಂಟು ಕಾಣಲಿಲ್ಲವೆಂದು ವರದಿಯಿತ್ತಿತು. ಆದರೆ ಸಂದೇಹವು ಕುದುರೆಯೇರಿ ಹೋಗುತ್ತದೆ, ವರದಿಯು ಕಾಲ್ನಡಿಗೆಯಲ್ಲಿ ಬರುತ್ತದೆ. ನಾಡಿನ ಹಿರಿಯರ ಬಾಯಿಂದಲೇ ಬಂದ ಮಾತನ್ನು ಚಿಂತಾಮಣಿಯ ಸಂತೆಗೆ ಬಂದ ರೈತನು ನಂಬಬಾರದೆಂದು ಯಾವ ಮುಖದಿಂದ ಹೇಳೋಣ?

ವಾಚಕರೇ, ಈ ಮೊಕದ್ದಮೆಯಲ್ಲಿ ಸಾಕ್ಷ್ಯವೇನಿದೆಯೆಂಬುದನ್ನು ಮೊದಲು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯವರು 2023ರ ಮೇ ತಿಂಗಳಿಂದ ಆಗಸ್ಟಿನವರೆಗೆ 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ದೊಡ್ಡ ಆಸ್ಪತ್ರೆಗಳ ಮೂಲಕ ಒಂದು ಶೋಧನೆ ನಡೆಸಿದರು. ಹದಿನೆಂಟರಿಂದ ನಲವತ್ತೈದು ವಯಸ್ಸಿನವರೊಳಗೆ, ನೋಡುವುದಕ್ಕೆ ಆರೋಗ್ಯವಾಗಿದ್ದು ಹಠಾತ್ತನೆ ತೀರಿಕೊಂಡ 729 ಮಂದಿಯನ್ನು, ಅದೇ ವಯಸ್ಸಿನ, ಅದೇ ನೆರೆಹೊರೆಯ, ಬದುಕಿರುವ 2,916 ಮಂದಿಯೊಡನೆ ಹೋಲಿಸಿದರು. ಎರಡು ಸಲ ಲಸಿಕೆ ಪಡೆದವರಲ್ಲಿ ಇಂತಹ ಮರಣದ ಸಂಭವವು ಸುಮಾರು ಅರ್ಧಕ್ಕೆ ಇಳಿದಿದ್ದಿತು. ಒಂದೇ ಸಲ ಪಡೆದವರಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ಸಂಭವವನ್ನು ಹೆಚ್ಚಿಸಿದವು ಬೇರೆಯೇ ಇದ್ದವು: ಕೋವಿಡ್ಡಿನಿಂದ ಆಸ್ಪತ್ರೆ ಸೇರಿದ್ದುದು, ವಂಶದಲ್ಲಿ ಹಠಾತ್ ಮರಣವಿದ್ದುದು, ಮಿತಿಮೀರಿದ ಕುಡಿತ, ಮಾದಕ ಪದಾರ್ಥ, ಮರಣಕ್ಕೆ ಸ್ವಲ್ಪವೇ ಮುಂಚೆ ಮಾಡಿದ ಅತಿಶ್ರಮ. ಲಸಿಕೆಯು ಹೃದ್ರೋಗಕ್ಕೆ ಔಷಧಿಯೆಂದು ಇದರಿಂದ ತಿಳಿಯಬಾರದು. ತಾನಾಗಿ ಮುಂದೆ ಬಂದು ಎರಡು ಸಲ ಚುಚ್ಚಿಸಿಕೊಳ್ಳುವವನು ಮಿಕ್ಕ ವಿಷಯಗಳಲ್ಲಿಯೂ ದೇಹವನ್ನು ಜೋಪಾನ ಮಾಡುವವನಾಗಿರಬಹುದು. ಆದರೆ ಲಸಿಕೆಯೇ ಕೊಲೆಗಾರನೆಂಬ ಆರೋಪವು ಈ ಸಾಕ್ಷ್ಯದ ಮುಂದೆ ನಿಲ್ಲಲಾರದು.

ಹಾಗೆಂದು ಲಸಿಕೆಯ ಪರವಾಗಿ ವಾದಿಸುವವರು ಅದರಿಂದ ಯಾವ ಬಾಧೆಯೂ ಇಲ್ಲವೆಂದು ಹೇಳಿದರೆ ಅದೂ ಸುಳ್ಳು ಸಾಕ್ಷಿಯೇ. ಕೋವಿಶೀಲ್ಡ್ ಪಡೆದ ಕೆಲವರಲ್ಲಿ ರಕ್ತವು ಹೆಪ್ಪುಗಟ್ಟುವ ವಿರಳವಾದ ವ್ಯಾಧಿ ಉಂಟಾಯಿತು. ಹತ್ತು ಲಕ್ಷ ಸೂಜಿಗೆ 0.61 ಪ್ರಸಂಗ ನಮ್ಮ ದೇಶದಲ್ಲಿ ವರದಿಯಾಗಿದೆಯೆಂದೂ, ಬ್ರಿಟನ್ನಿನಲ್ಲಿ ಅದು 4 ಎಂದೂ ಕೇಂದ್ರ ಸರ್ಕಾರದವರು 2021ರ ಮೇ 17ರಂದು ಪ್ರಕಟಿಸಿದರು. ಬ್ರಿಟನ್ನಿಗಿಂತ ನಮ್ಮಲ್ಲಿ ಕಡಿಮೆಯಾದುದು ನಮ್ಮ ರಕ್ತದ ಗುಣವೋ, ನಮ್ಮ ದಫ್ತರಗಳ ಗುಣವೋ ಎಂದು ಒಬ್ಬ ವಕೀಲನು ಕೇಳಿದರೆ ತಪ್ಪಾಗಲಾರದು. ಲಸಿಕೆಯ ನಿಮಿತ್ತದಿಂದಲೇ ಆದ ಮರಣವೆಂದು ಸರ್ಕಾರದ ಸಮಿತಿಯು ಮೊದಲು ಒಪ್ಪಿಕೊಂಡದ್ದು ಒಂದನ್ನು. ಅರವತ್ತೆಂಟು ವಯಸ್ಸಿನ ವೃದ್ಧರೊಬ್ಬರು 2021ರ ಮಾರ್ಚಿನಲ್ಲಿ ಲಸಿಕೆ ಪಡೆದು, ಮೈಗೆ ಒಗ್ಗದ ತೀವ್ರ ಪ್ರತಿಕ್ರಿಯೆಯಿಂದ ತೀರಿಕೊಂಡಿದ್ದರು.

ಫಲದ ಲೆಕ್ಕವೂ ಹೀಗೆಯೇ ಬಿಚ್ಚಿ ಹೇಳಬೇಕಾದುದು. ನಮ್ಮ ನೆರೆಯ ಮಾಲೂರಿನಲ್ಲಿಯೂ ತಯಾರಾದ ಕೋವ್ಯಾಕ್ಸಿನ್ ಲಸಿಕೆಗೆ 2021ರ ಜನವರಿ 3ರಂದು ಅನುಮತಿ ದೊರಕಿತು. ಆಗ ಮೂರನೆಯ ಹಂತದ ಪರೀಕ್ಷೆಯ ಫಲವು ಇನ್ನೂ ಹೊರಬಿದ್ದಿರಲಿಲ್ಲ. ಅವಸರವೆಂಬ ದೂರು ಹುಟ್ಟಿದುದು ಇಲ್ಲಿ, ಮತ್ತು ಅದು ನಿರಾಧಾರವಾದ ದೂರಲ್ಲ. ಆಮೇಲೆ ಬಂದ ಫಲವಂತೂ ಚೆನ್ನಾಗಿಯೇ ಇತ್ತು: 25,798 ಮಂದಿಯ ಮೇಲಣ ಆ ಪರೀಕ್ಷೆಯಲ್ಲಿ ಲಕ್ಷಣಗಳಿರುವ ರೋಗವನ್ನು ತಡೆಯುವ ಶಕ್ತಿ ನೂರಕ್ಕೆ 77.8, ತೀವ್ರ ರೋಗವನ್ನು ತಡೆಯುವ ಶಕ್ತಿ 93.4, ಡೆಲ್ಟಾ ಎಂಬ ರೂಪಾಂತರದ ವಿರುದ್ಧ 65.2. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ನೌಕರರಲ್ಲಿ, 2021ರ ಏಪ್ರಿಲ್–ಮೇ ತಿಂಗಳ ಭಯಂಕರ ಅಲೆಯ ನಡುವೆ ಲೆಕ್ಕ ಹಾಕಿದಾಗ ಸಿಕ್ಕಿದ್ದು 50 ಮಾತ್ರ. ಇವುಗಳಲ್ಲಿ ಯಾವುದು ನಿಜವೆಂದು ಕೇಳುವರು. ಎಲ್ಲವೂ ನಿಜವೇ. ತುಂತುರಿನಲ್ಲಿ ಕೊಡೆಯು ಮೈಯನ್ನು ಕಾಯುವಷ್ಟು ಬಿರುಮಳೆಯಲ್ಲಿ ಕಾಯದು. ಆದರೂ ಬಿರುಮಳೆಯಲ್ಲಿ ಕೊಡೆಯನ್ನು ಮನೆಯಲ್ಲಿಟ್ಟು ಹೋಗುವವರಿಲ್ಲ. ಜನರಿಗೆ ಈ ಅಂಕಿಗಳನ್ನು ಕೊಟ್ಟಿದ್ದರೆ ಅವರಿಗೆ ಅರ್ಥವಾಗುತ್ತಿತ್ತು. ಕೊಟ್ಟದ್ದು ಘೋಷಣೆಗಳನ್ನು, ಲಸಿಕೆ ಪಡೆದವನಿಗೂ ಜ್ವರ ಬಂದಾಗ ಆ ಘೋಷಣೆಗಳೇ ವೈರಿಗಳಾದವು.

ಕೂಸುಗಳಿಗೆ ಹಾಕುವ ಹಳೆಯ ಲಸಿಕೆಗಳ ವಿಷಯದಲ್ಲಿ ವಾದಕ್ಕೆ ಎಡೆಯೇ ಕಡಿಮೆ. ದಡಾರದ ಲಸಿಕೆ ಎರಡು ಸಲ ಬಿದ್ದರೆ ನೂರರಲ್ಲಿ 97 ಮಕ್ಕಳಿಗೆ ರಕ್ಷೆ. 1974ರಿಂದೀಚೆಗೆ ಐವತ್ತು ವರ್ಷಗಳಲ್ಲಿ ಲಸಿಕೆಗಳು ಜಗತ್ತಿನಲ್ಲಿ 15 ಕೋಟಿ 40 ಲಕ್ಷ ಜೀವಗಳನ್ನು ಉಳಿಸಿದುವೆಂದೂ, ಅದರಲ್ಲಿ 9 ಕೋಟಿ 40 ಲಕ್ಷ ದಡಾರದ ಲಸಿಕೆಯೊಂದರಿಂದಲೇ ಎಂದೂ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಗಣನೆ ಹೇಳುತ್ತದೆ. ಇದೇ ಪತ್ರಿಕೆಯು 1998ರಲ್ಲಿ, ಹನ್ನೆರಡೇ ಮಕ್ಕಳನ್ನು ನೋಡಿ ಬರೆದ ವೇಕ್‌ಫೀಲ್ಡನ ಲೇಖನವನ್ನು ಅಚ್ಚುಮಾಡಿ, ದಡಾರದ ಲಸಿಕೆಯಿಂದ ಆಟಿಸಂ ಬರುವುದೆಂಬ ಭೀತಿಗೆ ಎಡೆಗೊಟ್ಟು, 2010ರಲ್ಲಿ ಅದನ್ನು ಹಿಂದೆಗೆದುಕೊಂಡಿತು. ಡೆನ್ಮಾರ್ಕಿನವರು 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಅಂತಹ ಸಂಬಂಧವಿಲ್ಲವೆಂದು 2019ರಲ್ಲಿ ತೋರಿಸಿದರು. ಆದರೂ 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ವಾಟ್ಸಾಪಿನ ಗಾಳಿಮಾತುಗಳು ಶಾಲೆಗಳ ಬಾಗಿಲವರೆಗೂ ಬಂದಿದ್ದುವು. ಉಪಾಧ್ಯಾಯ ಬಂಧುಗಳು ಅದನ್ನು ಬಲ್ಲರು.

ಸಾಕ್ಷ್ಯವು ಇಷ್ಟು ಬಲವಾಗಿರುವಲ್ಲಿ ಸಂದೇಹವೇಕೆ? ಜನರು ಮೂಢರು ಎಂಬ ಉತ್ತರವು ವಿದ್ಯಾವಂತರೆನಿಸಿಕೊಂಡವರ ನಾಲಿಗೆಯ ತುದಿಯಲ್ಲಿಯೇ ಇರುತ್ತದೆ. ಈ ಮಾತನ್ನು ಶಿಡ್ಲಘಟ್ಟದಲ್ಲಿ ನಿಂತು ಆಡಲಿ, ನೋಡೋಣ. ಅಲ್ಲಿಯ ಗೂಡಿನ ಮಾರುಕಟ್ಟೆಗೆ ಬರುವ ಪ್ರತಿಯೊಂದು ಬುಟ್ಟಿಯ ಹಿಂದೆಯೂ ಲೂಯಿ ಪಾಶ್ಚರನಿದ್ದಾನೆ. ಫ್ರಾನ್ಸಿನ ರೇಷ್ಮೆಯನ್ನು ಪೆಬ್ರಿನ್ ರೋಗವು ನಾಶಮಾಡುತ್ತಿದ್ದಾಗ, 1865ರಿಂದ ಕೆಲವು ವರ್ಷ ದುಡಿದು ಆತನು ಕಂಡುಹಿಡಿದ ಉಪಾಯವಿದು: ತಾಯಿ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಅದನ್ನು ಅರೆದು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು, ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಹಾಕುವುದು. ಇಂದಿಗೂ ಬಿತ್ತನೆ ಕೇಂದ್ರಗಳಲ್ಲಿ ನಡೆಯುವುದು ಅದೇ. ರೋಗರಹಿತ ಮೊಟ್ಟೆಯೆಂದು ಚೀಟಿಯಿಲ್ಲದಿದ್ದರೆ ಓದುಬರಹವಿಲ್ಲದ ರೈತನೂ ಚಾಕಿಗೆ ಕೈಹಾಕುವುದಿಲ್ಲ. ಅದೇ ಪಾಶ್ಚರನು ಮುಂದೆ 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆಯನ್ನು ಕೊಟ್ಟನು. ಕಣ್ಣಿಗೆ ಕಾಣದ ಕಣವೊಂದು ರೋಗವನ್ನು ತರುತ್ತದೆಂಬ ಶಾಸ್ತ್ರವನ್ನು ಒಪ್ಪಿ, ತನ್ನ ಬೆಳೆಯನ್ನೆಲ್ಲ ಅದರ ಮೇಲೆ ಪಣವೊಡ್ಡುವವನನ್ನು ಮೂಢನೆನ್ನುವವನೇ ಮೂಢನು. ಗೌರಿಬಿದನೂರು, ಚಿಂತಾಮಣಿಗಳ ಹಾಲು ಕರೆಯುವ ಮನೆಗಳಲ್ಲಿ ಕಾಲುಬಾಯಿ ಜ್ವರದ ಲಸಿಕೆಗೆ ಹಸುವನ್ನು ಗೂಟಕ್ಕೆ ಕಟ್ಟಿ ಕಾದಿರುತ್ತಾರೆ. ಹಸುವಿಗೆ ಹೆದರದ ಸೂಜಿಗೆ ಮಗಳ ವಿಷಯದಲ್ಲಿ ಹೆದರುವುದಕ್ಕೆ ಕಾರಣವು ಸೂಜಿಯಲ್ಲಿಲ್ಲ; ಸೂಜಿಯನ್ನು ಹಿಡಿದು ಬರುವ ರೀತಿಯಲ್ಲಿದೆ.

ರೀತಿ ಹೇಗಿರಬೇಕೆಂಬುದಕ್ಕೆ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಮೇಲ್ಪಂಕ್ತಿಯಿದೆ. ಭಾರತದಲ್ಲಿ ಜೆನ್ನರನ ದಾಕು ಮೊದಲು ಹಾಕಿದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ. ಮೂರೇ ವರ್ಷಗಳ ತರುವಾಯ, 1805ರಲ್ಲಿ, ಥಾಮಸ್ ಹಿಕಿಯೆಂಬ ಚಿತ್ರಕಾರನು ಮೈಸೂರಿನ ಅರಮನೆಯ ಮೂವರು ಸ್ತ್ರೀಯರ ಚಿತ್ರವನ್ನು ಬರೆದನು. ಬಲಗಡೆಯಲ್ಲಿರುವ, ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿಯವರು ಸೆರಗನ್ನು ಸರಿಸಿ ತೋಳಿನಲ್ಲಿ ದಾಕು ಹಾಕಿಸಿಕೊಂಡ ಸ್ಥಳವನ್ನು ತೋರುತ್ತಿದ್ದಾರೆಂದೂ, ಪ್ರಜೆಗಳಲ್ಲಿ ಧೈರ್ಯ ತುಂಬುವುದೇ ಚಿತ್ರದ ಉದ್ದೇಶವೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರರು ವ್ಯಾಖ್ಯಾನ ಮಾಡಿರುವರು. ಅಂತಃಪುರದ ಹೆಂಗಸು ತೋಳನ್ನು ತೆರೆದು ತೋರಿಸಿದ ಕಾಲವದು! ಮುಂದೆ ಪ್ಲೇಗು ಬಂದಾಗ ಹಾಫ್ಕಿನ್ ಸಾಹೇಬನು ತಾನು ಮಾಡಿದ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಮಂದಿ ಆ ಲಸಿಕೆಯನ್ನು ತೆಗೆದುಕೊಂಡರು.

ಆದರೆ 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ ಗ್ರಾಮದಲ್ಲಿ ಆ ದಿನ ಲಸಿಕೆ ಪಡೆದ 107 ಮಂದಿಯಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತೂ ಜನಕ್ಕೆ ಚುಚ್ಚಿದ ಮದ್ದು ಒಂದೇ ಸೀಸೆಯದು. ಹಾಫ್ಕಿನನನ್ನು ಅಮಾನತಿನಲ್ಲಿಟ್ಟರು; ದೋಷವು ಆತನ ಪ್ರಯೋಗಶಾಲೆಯದಲ್ಲ, ಹಳ್ಳಿಯಲ್ಲಿ ಸೀಸೆಯನ್ನು ತೆರೆದಾಗ ಆದ ಅಶುದ್ಧಿಯಿಂದ ಬಂದಿರಬೇಕೆಂದು ವಿದ್ವಾಂಸರು ಒಪ್ಪಿಸಿ ಆತನ ಹೆಸರು ಶುದ್ಧವಾಗುವುದಕ್ಕೆ 1907ರವರೆಗೆ ಕಾಯಬೇಕಾಯಿತು. ಐದು ವರ್ಷ ಪ್ಲೇಗು ಕಾಯಲಿಲ್ಲ.

ಇನ್ನೊಂದು ಪ್ರಸಂಗವು ಕಾಲದಲ್ಲಿಯೂ ದೇಶದಲ್ಲಿಯೂ ನಮಗೆ ಹತ್ತಿರವಾದುದು. ಗರ್ಭಕಂಠದ ಅರ್ಬುದವನ್ನು ತಡೆಯುವ ಎಚ್.ಪಿ.ವಿ. ಲಸಿಕೆಯನ್ನು 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರೆಯಲ್ಲಿಯೂ ಹುಡುಗಿಯರಿಗೆ ಹಾಕಿದರು. ಏಳು ಬಾಲಿಕೆಯರು ಸತ್ತರು. 2010ರ ಏಪ್ರಿಲಿನಲ್ಲಿ ಕಾರ್ಯವನ್ನು ನಿಲ್ಲಿಸಲಾಯಿತು. ಸಾವುಗಳಿಗೆ ಹಾವಿನ ಕಡಿತ, ನೀರಿನಲ್ಲಿ ಮುಳುಗಿದ್ದು, ವಿಷಸೇವನೆ ಮೊದಲಾದ ಕಾರಣಗಳು ಕಂಡುಬಂದವು. ಲಸಿಕೆಗೆ ಸಂಬಂಧವಿದ್ದಂತೆ ತೋರಲಿಲ್ಲ. ಆದರೆ ಆಂಧ್ರದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ರುಜು ಹಾಕಿದವರು ತಂದೆಯಲ್ಲ, ತಾಯಿಯಲ್ಲ, ಹಾಸ್ಟೆಲಿನ ವಾರ್ಡನ್ನುಗಳು! 1,948ರಲ್ಲಿ ಇದ್ದುದು ಹೆಬ್ಬೆಟ್ಟಿನ ಗುರುತು. ಪಾರ್ಲಿಮೆಂಟಿನ ಸ್ಥಾಯೀ ಸಮಿತಿಯು 2013ರ ವರದಿಯಲ್ಲಿ ಇದನ್ನು ಖಂಡಿಸಿತು. ಆ ಲಸಿಕೆಯಾದರೋ ಉತ್ತಮವಾದುದು. ಒಂದೇ ಸೂಜಿಯು ಮುಖ್ಯವಾದ ಎರಡು ಬಗೆಯ ವೈರಾಣುಗಳ ನೆಲೆಗೊಂಡ ಸೋಂಕನ್ನು ನೂರಕ್ಕೆ 95ರಷ್ಟು ತಡೆಯಿತೆಂದು ಭಾರತದ ಹುಡುಗಿಯರಲ್ಲಿಯೇ ನಡೆದು 2021ರಲ್ಲಿ ಪ್ರಕಟವಾದ ಶೋಧನೆ ಹೇಳಿತು. ಹನ್ನೆರಡು ಹದಿಮೂರನೆಯ ವಯಸ್ಸಿನಲ್ಲಿ ಅದನ್ನು ಪಡೆದ ಸ್ಕಾಟ್ಲೆಂಡಿನ ಹೆಂಗಸರಲ್ಲಿ ಆ ಅರ್ಬುದದ ಒಂದು ಪ್ರಸಂಗವೂ ಕಾಣಲಿಲ್ಲವೆಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಇಷ್ಟು ಒಳ್ಳೆಯ ಮದ್ದಿಗೆ ನಮ್ಮ ದೇಶದಲ್ಲಿ ವರ್ಷಗಟ್ಟಲೆ ಕೆಟ್ಟ ಹೆಸರು ಅಂಟಿಕೊಂಡದ್ದು ಹೆತ್ತವರನ್ನು ಕೇಳದೆ ಹೋದುದರಿಂದ. ಖಮ್ಮಮ್ಮಿನ ಸುದ್ದಿ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರುವುದಕ್ಕೆ ತರ್ಜುಮೆ ಬೇಕಿಲ್ಲ. ಇಲ್ಲಿಯ ಎಷ್ಟೋ ಮನೆಗಳ ಒಳಮಾತು ತೆಲುಗು.

ಭಾಷೆಯ ವಿಚಾರವು ಇಲ್ಲಿಯೇ ಬರುತ್ತದೆ. ಈ ಜಿಲ್ಲೆಯಲ್ಲಿ ಕೋವಿಡ್ ಮೊದಲು ಕಾಣಿಸಿದ್ದು 2020ರ ಮಾರ್ಚಿನಲ್ಲಿ, ಗೌರಿಬಿದನೂರಿನಲ್ಲಿ. ಲಸಿಕೆ 2021ರ ಜನವರಿ 16ರಂದು ಆರಂಭವಾಯಿತು. ಹದಿನೆಂಟರಿಂದ ನಲವತ್ತನಾಲ್ಕು ವಯಸ್ಸಿನವರಿಗೆ ಮೇ ತಿಂಗಳಲ್ಲಿ ಬಾಗಿಲು ತೆರೆದಾಗ, ಕೋವಿನ್ ಎಂಬ ಗಣಕಜಾಲದಲ್ಲಿ ಮೊದಲೇ ಹೆಸರು ಬರೆಸಬೇಕೆಂಬ ಕಟ್ಟಳೆಯಿತ್ತು. ಆ ಜಾಲವು ಕನ್ನಡದಲ್ಲಿ ಮಾತನಾಡಿದ್ದು ಜೂನಿನಲ್ಲಿ. ಇಂಗ್ಲಿಷ್ ಬಲ್ಲ ಬೆಂಗಳೂರಿನ ತರುಣರು ಸುತ್ತಣ ಜಿಲ್ಲೆಗಳ ಪಾಳಿಯನ್ನು ಮನೆಯಲ್ಲಿ ಕುಳಿತು ಹಿಡಿದು, ಕಾರಿನಲ್ಲಿ ಬಂದು ಚುಚ್ಚಿಸಿಕೊಂಡು ಹೋದರು. ಹಳ್ಳಿಯವನು ತನ್ನೂರಿನ ಆಸ್ಪತ್ರೆಯ ಮುಂದೆಯೇ ಪರದೇಶಿಯಾದನು. ಸುಪ್ರೀಂ ಕೋರ್ಟು ಮೇ 31ರ ತನ್ನ ಆಜ್ಞೆಯಲ್ಲಿ ಈ ಅಂತರವನ್ನು ಎತ್ತಿ ಆಡಿತು. ಕನ್ನಡಿಗನಿಗೆ ಕನ್ನಡದಲ್ಲಿ ಹೇಳಿರೆಂದು ಕೇಳುವುದು ಅಭಿಮಾನದ ಮಾತೆಂದು ತಿಳಿಯುವವರು ಈ ಐದು ತಿಂಗಳನ್ನು ನೆನೆಯಲಿ. ಅದೇ ನ್ಯಾಯದಿಂದ, ಮನೆಯಲ್ಲಿ ತೆಲುಗನ್ನಾಗಲಿ ಉರ್ದುವನ್ನಾಗಲಿ ಆಡುವ ತಾಯಿಗೆ ಅವಳ ಮಾತಿನಲ್ಲಿಯೇ ತಿಳಿಯ ಹೇಳಬೇಕು. ಮಗುವಿನ ಮೈಗೆ ಸಂಬಂಧಿಸಿದ ಮಾತನ್ನು ಯಾವ ತಾಯಿಯೂ ಪರಭಾಷೆಯಲ್ಲಿ ನಂಬಲಾರಳು.

ಇನ್ನು ಕಾನೂನು. ಯಾರನ್ನೂ ಬಲಾತ್ಕಾರದಿಂದ ಲಸಿಕೆಗೆ ಒಳಪಡಿಸಲಾಗದೆಂದೂ, ದೇಹದ ಮೇಲಣ ಸ್ವಾಧಿಕಾರವು ಸಂವಿಧಾನದ 21ನೇ ಅನುಚ್ಛೇದದಲ್ಲಿ ಅಡಕವಾಗಿದೆಯೆಂದೂ ಸುಪ್ರೀಂ ಕೋರ್ಟು ಜೇಕಬ್ ಪುಲಿಯೇಲರ ಮೊಕದ್ದಮೆಯಲ್ಲಿ 2022ರ ಮೇ 2ರಂದು ತೀರ್ಪಿತ್ತಿತು. ಲಸಿಕೆಯ ನೀತಿಯು ಸಮಂಜಸವಾದುದೆಂದು ಎತ್ತಿಹಿಡಿದುದೂ, ದುಷ್ಪರಿಣಾಮಗಳ ವರದಿಗಳನ್ನು ಸಾರ್ವಜನಿಕರಿಗೆ ತೆರೆದಿಡಬೇಕೆಂದು ವಿಧಿಸಿದುದೂ ಅದೇ ತೀರ್ಪು. ಅದೇ ವರ್ಷ ನವೆಂಬರಿನಲ್ಲಿ, ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳ ಅರ್ಜಿಗೆ ಉತ್ತರವಾಗಿ ಕೇಂದ್ರ ಸರ್ಕಾರದವರು ಲಸಿಕೆಯು ಸ್ವಇಚ್ಛೆಯದೆಂದೂ, ಪರಿಹಾರ ಬೇಕಾದವರು ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದೆಂದೂ ಪ್ರಮಾಣಪತ್ರ ಸಲ್ಲಿಸಿದರು. ಸಿವಿಲ್ ದಾವೆಯ ದಾರಿಯನ್ನು ಬಲ್ಲವರು ಇದನ್ನು ಓದಿ ನಕ್ಕಿರಬೇಕು, ಅಥವಾ ಅತ್ತಿರಬೇಕು. ಅಲ್ಲಿ ಪ್ರತಿವಾದಿಯ ಅಲಕ್ಷ್ಯವನ್ನು ವಾದಿಯೇ ರುಜುವಾತುಪಡಿಸಬೇಕು. ಚುಚ್ಚಿದ ನರ್ಸಮ್ಮನಲ್ಲಿ ಅಲಕ್ಷ್ಯವಿಲ್ಲ, ತಯಾರಿಸಿದವರಲ್ಲಿ ಇಲ್ಲ, ಅನುಮತಿಯಿತ್ತವರಲ್ಲಿ ಇಲ್ಲ; ಯಾರ ತಪ್ಪೂ ಇಲ್ಲದೆ ಲಕ್ಷಾಂತರದಲ್ಲಿ ಒಂದು ಮೈಗೆ ಅದು ಒಗ್ಗಲಿಲ್ಲ. ಯಾರ ಮೇಲೆ ದಾವೆ?

ಈ ಪ್ರಶ್ನೆಗೆ ಬೇರೆ ದೇಶಗಳವರು ಉತ್ತರ ಕಂಡುಕೊಂಡು ದಶಕಗಳಾದುವು. ಜಪಾನಿನಲ್ಲಿ 1976ರಲ್ಲಿ, ಬ್ರಿಟನ್ನಿನಲ್ಲಿ 1979ರಲ್ಲಿ, ಅಮೆರಿಕೆಯಲ್ಲಿ 1986ರಲ್ಲಿ, ಯಾರ ತಪ್ಪೆಂದು ರುಜುವಾತು ಕೇಳದೆಯೇ ಲಸಿಕೆಯಿಂದ ಬಾಧಿತರಾದವರಿಗೆ ಪರಿಹಾರ ಕೊಡುವ ಏರ್ಪಾಡನ್ನು ಶಾಸನದಿಂದ ಮಾಡಿದರು. ನಮ್ಮಲ್ಲಿಯೂ ಈ ತತ್ವವು ಅಪರಿಚಿತವಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದು ದನಗಳು ಸಾಯುತ್ತಿದ್ದಾಗ ಕರ್ನಾಟಕ ಸರ್ಕಾರದವರು ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿಗಳಂತೆ ಪರಿಹಾರವನ್ನು ಘೋಷಿಸಿದರು. ರೋಗವನ್ನು ಯಾರು ತಂದರೆಂದು ರೈತನನ್ನು ಕೇಳಲಿಲ್ಲ; ಸಿವಿಲ್ ಕೋರ್ಟಿಗೆ ಹೋಗೆನ್ನಲಿಲ್ಲ. ಅದು ಧರ್ಮವಾದ ಕಾರ್ಯ. ಕರುವಿಗೆ ಸಲ್ಲುವ ಧರ್ಮವು ಕೂಸಿಗೆ ಏಕೆ ಸಲ್ಲಬಾರದು? ದಡಾರವು ಊರಿಗೆ ಕಾಲಿಡದಂತಾಗಲು ನೂರಕ್ಕೆ 95 ಮಕ್ಕಳಿಗೆ ಲಸಿಕೆ ಬೀಳಬೇಕೆನ್ನುತ್ತಾರೆ. ಹಾಗಾದರೆ ಪ್ರತಿಯೊಂದು ಮಗುವೂ ತೋಳನ್ನೊಡ್ಡುವುದು ತನಗಾಗಿ ಮಾತ್ರವಲ್ಲ, ಪಕ್ಕದ ಬೀದಿಯ ಕೂಸಿಗಾಗಿಯೂ ಅಹುದು. ಊರಿಗಾಗಿ ಒಡ್ಡಿದ ತೋಳಿಗೆ ಬಾಧೆಯಾದರೆ ಊರೇ ಹೊರಬೇಕು. ಇದರಿಂದ ಜನ ಹೆದರುವರೆಂಬ ಆಕ್ಷೇಪಣೆಯುಂಟು. ನಮ್ಮ ಅಭಿಪ್ರಾಯವು ಇದಕ್ಕೆ ವಿರುದ್ಧವಾದುದು: ನಷ್ಟಕ್ಕೆ ತಾನೇ ಜಾಮೀನು ನಿಲ್ಲುವೆನೆನ್ನುವ ವರ್ತಕನ ಸರಕನ್ನೇ ಜನ ಧೈರ್ಯವಾಗಿ ಕೊಳ್ಳುವುದು.

ಆದುದರಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಶಾಸಕರನ್ನು ನಾವು ಕೇಳುವುದಿಷ್ಟು. ಎಲ್ಲ ಲಸಿಕೆಗಳಿಗೂ ಅನ್ವಯಿಸುವ ಪರಿಹಾರದ ಶಾಸನಕ್ಕಾಗಿ ವಿಧಾನಸಭೆಯಲ್ಲಿ ಮಾತೆತ್ತಿರಿ. ಅರ್ಜಿಯನ್ನು ದೆಹಲಿಯಲ್ಲಲ್ಲ, ತಾಲ್ಲೂಕು ಕಛೇರಿಯಲ್ಲಿ, ಕನ್ನಡದಲ್ಲಿ ಕೊಡುವಂತಿರಬೇಕು. ಆರು ತಿಂಗಳೊಳಗೆ ಕಾರಣಸಹಿತವಾದ ಉತ್ತರ ಬರಬೇಕು. ತಾಲ್ಲೂಕಿನಲ್ಲಿ ಆ ತಿಂಗಳು ಎಷ್ಟು ಮಕ್ಕಳಿಗೆ ಯಾವ ಲಸಿಕೆ ಹಾಕಿದರು, ಎಷ್ಟು ಮಂದಿಗೆ ಜ್ವರ ಬಂದಿತು, ಎಷ್ಟು ಮಂದಿ ಆಸ್ಪತ್ರೆ ಸೇರಿದರು, ಅವರೇನಾದರು ಎಂಬ ಲೆಕ್ಕವು ಪ್ರತಿಯೊಂದು ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆದಿರಬೇಕು. ಅದನ್ನು ಬರೆಸುವುದಕ್ಕೆ ಶಾಸನವೂ ಬೇಡ, ಹಣವೂ ಬೇಡ. ಒಂದು ಕರಿಹಲಗೆ ಸಾಕು. ಶಾಲೆಗಳಲ್ಲಿ ಹಳೆಯ ಕರಿಹಲಗೆಗಳು ಬೇಕಾದಷ್ಟಿವೆ. ಉಪಾಧ್ಯಾಯರು ಒಂದನ್ನು ಹೊರಿಸಿಕೊಂಡು ಹೋಗಿ ವೈದ್ಯಾಧಿಕಾರಿಗಳ ಮುಂದಿಟ್ಟು, ಮೊದಲ ತಿಂಗಳ ಅಂಕಿಗಳನ್ನು ಕೇಳಲಿ.